ಗಾರ್ಫೀಲ್ಡನ ಅಧ್ಯಕ್ಷತೆ: ಒಂದು ಪರಾಮರ್ಶೆ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಇಪ್ಪತ್ತನೆಯ ಅಧ್ಯಕ್ಷನಾದ ಜೇಮ್ಸ್ ಏಬ್ರಮ್ ಗಾರ್ಫೀಲ್ಡನು 1881ನೆಯ ಇಸವಿ ಮಾರ್ಚ್ 4ರಂದು ಅಧಿಕಾರವನ್ನು ವಹಿಸಿ, ಅದೇ ವರ್ಷ ಸೆಪ್ಟೆಂಬರ್ 19ರಂದು ಕಾಲವಾದನು. ಜುಲೈ 2ರಂದು ಘಾತುಕನ ಗುಂಡು ತಗಲಿದ ಮೇಲೆ ಆತನು ರೋಗಶಯ್ಯೆಯನ್ನು ಬಿಟ್ಟೇಳಲಿಲ್ಲವಾದುದರಿಂದ, ನಿಜವಾಗಿ ರಾಜ್ಯಭಾರ ನಡೆಸಿದ ಕಾಲವು ನಾಲ್ಕು ತಿಂಗಳಿಗೆ ಮೀರದು. ಇಂತಹ ಆಳ್ವಿಕೆಯ ವಿಷಯದಲ್ಲಿ ಎರಡು ವಿಧವಾದ ಅಭಿಪ್ರಾಯಗಳು ಹುಟ್ಟುವುದು ಸಹಜ. ಬದುಕಿದ್ದರೆ ಮಹಾಕಾರ್ಯಗಳನ್ನು ಸಾಧಿಸುತ್ತಿದ್ದನೆಂಬುದು ಒಂದು. ಗಣನೆಗೆ ತಕ್ಕುದೇನನ್ನೂ ಮಾಡಲಿಲ್ಲವೆಂಬುದು ಇನ್ನೊಂದು. ಮೊದಲನೆಯದಕ್ಕೆ ಅನುಕಂಪವೇ ಆಧಾರ, ಎರಡನೆಯದಕ್ಕೆ ದಿನಗಳ ಲೆಕ್ಕವೇ ಆಧಾರ. ಚುನಾವಣೆಯು ಆತನಿಗೆ ಎಂತಹ ಬಲವನ್ನು ಕೊಟ್ಟಿತು, ಆ ಬಲದಿಂದ ಆತನು ಏನನ್ನು ಸಾಧಿಸಿದನು, ಆತನ ಮರಣವು ಏನನ್ನು ಸಾಧಿಸಿತು ಎಂಬ ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ವಿಚಾರಿಸಿದಲ್ಲದೆ ನಿರ್ಣಯವು ನ್ಯಾಯವಾಗಲಾರದು.

1831ರಲ್ಲಿ ಓಹಾಯೋ ಸಂಸ್ಥಾನದ ಬಡ ಒಕ್ಕಲಿನ ಮನೆಯಲ್ಲಿ ಹುಟ್ಟಿದ ಗಾರ್ಫೀಲ್ಡನು ಕಾಲುವೆಯ ದೋಣಿಗಳಲ್ಲಿ ದುಡಿದು, ಗ್ರೀಕ್ ಲ್ಯಾಟಿನ್ ಭಾಷೆಗಳ ಉಪಾಧ್ಯಾಯನಾಗಿ, ಅಂತರ್ಯುದ್ಧದಲ್ಲಿ ಸೇನಾನಿಯಾಗಿ, 1863ರಿಂದ ಪ್ರತಿನಿಧಿಸಭೆಯ ಸದಸ್ಯನಾಗಿ ಮೇಲೇರಿದವನು. 1880ರ ಜೂನ್ ತಿಂಗಳಲ್ಲಿ ರಿಪಬ್ಲಿಕನ್ ಪಕ್ಷದ ಮಹಾಸಭೆಯು ಷಿಕಾಗೋ ನಗರದಲ್ಲಿ ಸೇರಿದಾಗ ಆತನು ಅಭ್ಯರ್ಥಿಯಾಗಿರಲಿಲ್ಲ. ಜಾನ್ ಷರ್ಮನ್ನನ ಹೆಸರನ್ನು ಸೂಚಿಸುವುದಕ್ಕಾಗಿ ಬಂದಿದ್ದನು. ಗ್ರ್ಯಾಂಟನನ್ನು ಮೂರನೆಯ ಬಾರಿ ಅಧ್ಯಕ್ಷನನ್ನಾಗಿ ಮಾಡಬೇಕೆಂದು ನ್ಯೂಯಾರ್ಕಿನ ರಾಸ್ಕೋ ಕಾಂಕ್ಲಿಂಗನ ಗುಂಪು ಹಟತೊಟ್ಟಿತ್ತು; ಜೇಮ್ಸ್ ಬ್ಲೇನನ ಗುಂಪು ಅದನ್ನು ಎದುರಿಸಿತು. ಯಾರಿಗೂ ಬಹುಮತ ದೊರೆಯದೆ ಮತದಾನವು ಮತ್ತೆ ಮತ್ತೆ ನಡೆದು, ಮೂವತ್ತಾರನೆಯ ಸಲ ಗಾರ್ಫೀಲ್ಡನಿಗೆ 399 ಮತಗಳು ಬಂದವು. ಗ್ರ್ಯಾಂಟನಿಗೆ ಬಂದವು 306. ಸೋತ ಗುಂಪನ್ನು ಸಮಾಧಾನಪಡಿಸುವುದಕ್ಕಾಗಿ ಕಾಂಕ್ಲಿಂಗನ ಅನುಯಾಯಿಯಾದ ಚೆಸ್ಟರ್ ಆರ್ಥರನನ್ನು ಉಪಾಧ್ಯಕ್ಷಸ್ಥಾನಕ್ಕೆ ಆರಿಸಿದರು. ಹೀಗೆ ಆ ಅಭ್ಯರ್ಥಿತ್ವವು ಒಡಕಿನಿಂದ ಹುಟ್ಟಿದುದು. ಒಡಕನ್ನು ಮುಚ್ಚಿದುದೇ ಹೊರತು ಬೆಸೆದುದಲ್ಲ.

ನವೆಂಬರ್ ತಿಂಗಳ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷದ ಪರವಾಗಿ ಗೆಟಿಸ್‌ಬರ್ಗಿನ ವೀರನಾದ ವಿನ್‌ಫೀಲ್ಡ್ ಸ್ಕಾಟ್ ಹ್ಯಾನ್‌ಕಾಕನು ನಿಂತಿದ್ದನು. ಚಲಾವಣೆಯಾದ ಸುಮಾರು 92 ಲಕ್ಷ ಮತಗಳಲ್ಲಿ ಇಬ್ಬರಿಗೂ ಇದ್ದ ಅಂತರವು, ಗಣನೆಗಳಲ್ಲಿ ಭೇದವಿದ್ದರೂ, ಹತ್ತು ಸಹಸ್ರವನ್ನು ಮುಟ್ಟಲಿಲ್ಲ. ಇಬ್ಬರೂ ತಲಾ ಹತ್ತೊಂಬತ್ತು ಸಂಸ್ಥಾನಗಳನ್ನು ಗೆದ್ದರು. ಆದರೆ ನಿರ್ವಾಚಕ ಮತಗಳು ಗಾರ್ಫೀಲ್ಡನಿಗೆ 214, ಹ್ಯಾನ್‌ಕಾಕನಿಗೆ 155. ನ್ಯೂಯಾರ್ಕಿನ 35 ನಿರ್ವಾಚಕ ಮತಗಳು ಕೈತಪ್ಪಿದ್ದರೆ ಗಾರ್ಫೀಲ್ಡನು 179ಕ್ಕೆ ಇಳಿದು, ಎದುರಾಳಿಯು 190ಕ್ಕೆ ಏರಿ ಗೆಲ್ಲುತ್ತಿದ್ದನು. ಆ ಸಂಸ್ಥಾನದಲ್ಲಿ ದೊರೆತ ಅಂತರವಾದರೋ ಸುಮಾರು 21 ಸಹಸ್ರ ಮತಗಳು ಮಾತ್ರ.

ಈ ಅಂಕಿಗಳಿಂದ ಎರಡು ಸಂಗತಿಗಳು ತಿಳಿದುಬರುತ್ತವೆ. ಹಿಂದೆ ಗುಲಾಮಗಿರಿಯಿದ್ದ ಸಂಸ್ಥಾನಗಳೆಲ್ಲವೂ ಹ್ಯಾನ್‌ಕಾಕನ ಪಾಲಾದವು. ದಕ್ಷಿಣದ ಅನೇಕ ಕಡೆಗಳಲ್ಲಿ ಕಪ್ಪು ಜನರ ಮತಗಳನ್ನು ಬೆದರಿಕೆಯಿಂದಲೂ ವಂಚನೆಯಿಂದಲೂ ಅಡಗಿಸಿದ್ದರು. ಆದಕಾರಣ ಒಟ್ಟು ಮತಗಳ ಕಿರಿದಾದ ಅಂತರವನ್ನು ಜನಾಭಿಪ್ರಾಯದ ನಿಷ್ಕೃಷ್ಟವಾದ ಅಳತೆಯೆಂದು ಎಣಿಸಲಾಗದು. ಎರಡನೆಯದಾಗಿ, ಗೆಲವಿನ ಬೀಗದ ಕೈ ನ್ಯೂಯಾರ್ಕಿನಲ್ಲಿದ್ದಿತು; ನ್ಯೂಯಾರ್ಕಿನ ಪಕ್ಷವು ಕಾಂಕ್ಲಿಂಗನ ಕೈಯಲ್ಲಿದ್ದಿತು. ಗೆದ್ದವನು ತನಗೆ ಋಣಿಯೆಂದು ಆತನು ಬಗೆದುದರಲ್ಲಿ ಆಶ್ಚರ್ಯವಿಲ್ಲ. ಮುಂದಿನ ಕಲಹಕ್ಕೆಲ್ಲ ಇದೇ ಬೀಜ.

ಪದಗ್ರಹಣದ ಭಾಷಣದಲ್ಲಿ ಗಾರ್ಫೀಲ್ಡನು ಗುಲಾಮಗಿರಿಯಿಂದ ಪೌರತ್ವಕ್ಕೆ ಕಪ್ಪು ಜನಾಂಗವು ಏರಿದುದನ್ನು 1787ರ ಸಂವಿಧಾನದ ತರುವಾಯದ ಅತ್ಯಂತ ಮಹತ್ತ್ವದ ಬದಲಾವಣೆಯೆಂದು ಸಾರಿ, ಮತದಾರರ ನಿರಕ್ಷರತೆಯನ್ನು ನೀಗಲು ವಿದ್ಯಾಪ್ರಸಾರವೇ ಮದ್ದೆಂದನು. ಫ್ರೆಡರಿಕ್ ಡಗ್ಲಸನಿಗೂ ಬ್ಲಾಂಚ್ ಬ್ರೂಸನಿಗೂ ರಾಜಧಾನಿಯಲ್ಲಿ ಅಧಿಕಾರಗಳನ್ನು ಕೊಟ್ಟನು. ಆದರೆ ವಿದ್ಯಾಪ್ರಸಾರದ ಆಶಯವು ಶಾಸನವಾಗಲಿಲ್ಲ. ಕಾರ್ಯರೂಪಕ್ಕೆ ಬಂದವು ಬೇರೆ. ಅವಧಿ ಮುಗಿಯುತ್ತಿದ್ದ ಸರಕಾರಿ ಸಾಲಪತ್ರಗಳನ್ನು ಕೋಶಾಧಿಕಾರಿಯಾದ ವಿಂಡಮನು ಶೇಕಡ 3½ರ ಬಡ್ಡಿಗೆ ಮುಂದುವರಿಸಿದುದರಿಂದ ವರ್ಷಕ್ಕೆ ಸುಮಾರು ಒಂದು ಕೋಟಿ ಡಾಲರುಗಳ ಬಡ್ಡಿ ಉಳಿಯಿತು. ಅಂಚೆ ಸಾಗಣೆಯ ಗುತ್ತಿಗೆಗಳಲ್ಲಿ ನಡೆದಿದ್ದ ಮೋಸವನ್ನು ಶೋಧಿಸಲು ಅಪ್ಪಣೆಯಾಯಿತು. ಚುನಾವಣೆಯಲ್ಲಿ ತನ್ನ ಪರವಾಗಿ ದುಡಿದಿದ್ದ ಸ್ಟೀಫನ್ ಡಾರ್ಸಿಯು ಅದರಲ್ಲಿ ಸಿಕ್ಕಿಬೀಳುವನೆಂದು ತಿಳಿದರೂ ಅಧ್ಯಕ್ಷನು ಶೋಧನೆಯನ್ನು ತಡೆಯಲಿಲ್ಲ. ಮುಂದೆ 1883ರಲ್ಲಿ ಆಪಾದಿತರು ಶಿಕ್ಷೆಯಿಲ್ಲದೆ ಪಾರಾದುದು ನಿಜ; ಅದರಿಂದ ಶೋಧನೆಯ ಬೆಲೆ ಕುಂದುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಹೋರಾಟವು ನ್ಯೂಯಾರ್ಕ್ ಬಂದರಿನ ಸುಂಕದ ಕಟ್ಟೆಯ ಅಧಿಕಾರವನ್ನು ಕುರಿತುದು. ರಾಷ್ಟ್ರದ ಆಮದು ಸುಂಕದಲ್ಲಿ ಹೆಚ್ಚಿನ ಭಾಗವು ಅಲ್ಲಿಯೇ ವಸೂಲಾಗುತ್ತಿದ್ದಿತು; ಅಲ್ಲಿಯ ನೌಕರಿಗಳೇ ಪಕ್ಷದ ಜೀವಾಳ. ಸಂಸ್ಥಾನದ ಸೆನೆಟರರನ್ನು ಕೇಳಿಯೇ ಇಂತಹ ಪದವಿಗಳನ್ನು ತುಂಬಬೇಕೆಂಬುದು ರೂಢಿ. ಅದನ್ನು ಮೀರಿ ಗಾರ್ಫೀಲ್ಡನು ಮಾರ್ಚ್ 23ರಂದು ಕಾಂಕ್ಲಿಂಗನ ವಿರೋಧಿಯಾದ ವಿಲಿಯಮ್ ರಾಬರ್ಟ್‌ಸನ್ನನನ್ನು ಸೂಚಿಸಿದನು. ಮೇ 16ರಂದು ಕಾಂಕ್ಲಿಂಗನೂ ಆತನ ಜೊತೆಗಾರ ಪ್ಲ್ಯಾಟನೂ ರಾಜೀನಾಮೆಯಿತ್ತು, ತಮ್ಮ ಶಾಸನಸಭೆಯು ಮರಳಿ ಆರಿಸುವುದೆಂದು ನಂಬಿದರು. ಆ ನಂಬಿಕೆ ಹುಸಿಯಾಯಿತು. ಎರಡು ದಿನಗಳಲ್ಲಿ ಸೆನೆಟು ರಾಬರ್ಟ್‌ಸನ್ನನ ನೇಮಕವನ್ನು ಒಪ್ಪಿತು.

ಇದನ್ನು ಆಡಳಿತ ಸುಧಾರಣೆಯ ವಿಜಯವೆಂದು ಕೊಂಡಾಡುವುದುಂಟು. ಸೂಕ್ಷ್ಮವಾಗಿ ನೋಡಿದರೆ ಆ ಹೊಗಳಿಕೆಯು ಸಲ್ಲದು. ರಾಬರ್ಟ್‌ಸನ್ನನು ಪರೀಕ್ಷೆಯಿಂದಾಗಲಿ ಅನುಭವದಿಂದಾಗಲಿ ಆಯ್ಕೆಯಾದವನಲ್ಲ. ಷಿಕಾಗೋ ಸಭೆಯಲ್ಲಿ ಗ್ರ್ಯಾಂಟನನ್ನು ವಿರೋಧಿಸಿದವನು. ಆತನಿಗೆ ಸ್ಥಳ ಮಾಡಿಕೊಡಲು, ಅವಧಿ ಮುಗಿಯದಿದ್ದ ಅಧಿಕಾರಿಯನ್ನು ಅಲ್ಲಿಂದ ಕದಲಿಸಬೇಕಾಯಿತು. ಗೆದ್ದುದು ಯೋಗ್ಯತೆಯ ತತ್ತ್ವವಲ್ಲ, ಅಧ್ಯಕ್ಷನ ನೇಮಕಾಧಿಕಾರ. ಆದರೆ ನೇಮಕಾಧಿಕಾರವು ಸೆನೆಟರರ ಹಿಡಿತದಲ್ಲಿರುವವರೆಗೆ ಯಾವ ಸುಧಾರಣೆಗೂ ಎಡೆಯಿರಲಿಲ್ಲವಾದುದರಿಂದ, ಇದು ಸುಧಾರಣೆಗೆ ಹಾದಿಯನ್ನು ತೆರವುಮಾಡಿತೆಂದು ಹೇಳಬಹುದು.

ಪರೀಕ್ಷೆಯಿಂದ ನೌಕರರನ್ನು ಆರಿಸುವ ಪದ್ಧತಿಯು ಆಗ ಹೊಸದಲ್ಲ. ಭಾರತದ ಸಿವಿಲ್ ಸರ್ವೀಸಿಗೆ 1855ರಿಂದಲೇ ಲಂಡನ್ನಿನಲ್ಲಿ ಸ್ಪರ್ಧಾಪರೀಕ್ಷೆಗಳು ನಡೆಯುತ್ತಿದ್ದವು. ಅಮೆರಿಕದಲ್ಲಿ ಅದನ್ನು ತಂದುದು 1883ರ ಜನವರಿ 16ರಂದು ಆರ್ಥರನು ಅಂಕಿತ ಹಾಕಿದ ಪೆಂಡ್ಲ್‌ಟನ್ ಶಾಸನ. ನೌಕರಿ ದೊರೆಯದೆ ಬುದ್ಧಿಗೆಟ್ಟಿದ್ದ ಚಾರ್ಲ್ಸ್ ಗಿಟೋ ಎಂಬವನು ಅಧ್ಯಕ್ಷನನ್ನು ಕೊಂದುದರಿಂದ ಜನರಲ್ಲಿ ಹುಟ್ಟಿದ ಜುಗುಪ್ಸೆಯೂ, 1882ರ ಚುನಾವಣೆಗಳಲ್ಲಿ ರಿಪಬ್ಲಿಕನ್ನರು ಸೋತುದೂ ಅದಕ್ಕೆ ಕಾರಣಗಳು. ಮೊದಲಲ್ಲಿ ಅದರ ವ್ಯಾಪ್ತಿಗೆ ಬಂದುದು ಒಟ್ಟು ನೌಕರಿಗಳ ಹತ್ತರಲ್ಲೊಂದು ಪಾಲು ಮಾತ್ರ. ಸುಂಕದ ಕಟ್ಟೆಯ ಹಳೆಯ ಅಧಿಕಾರಿಯೂ ಕಾಂಕ್ಲಿಂಗನ ಶಿಷ್ಯನೂ ಆಗಿದ್ದ ಆರ್ಥರನೇ ಅದಕ್ಕೆ ಅಂಕಿತ ಹಾಕಿದುದು ಚರಿತ್ರೆಯ ವೈಚಿತ್ರ್ಯಗಳಲ್ಲೊಂದು.

ಆದುದರಿಂದ ಗಾರ್ಫೀಲ್ಡನ ಪಾಲಿಗೆ ಸಲ್ಲಬೇಕಾದುದು ಇಷ್ಟು: ಇಕ್ಕಟ್ಟಾದ ಗೆಲವಿನಿಂದ ಬಂದರೂ ಗೆಲ್ಲಿಸಿದವರಿಗೆ ಮಾರಿಕೊಳ್ಳದೆ, ಆ ಪದವಿಯ ಸ್ವಾತಂತ್ರ್ಯವನ್ನು ಉಳಿಸಿದನು. ಪೆಂಡ್ಲ್‌ಟನ್ ಶಾಸನದ ಕೀರ್ತಿಯನ್ನು ಆತನ ರಕ್ತಕ್ಕೆ ಕೊಡಬಹುದು, ಆತನ ರಾಜನೀತಿಗೆ ಪೂರ್ತಿಯಾಗಿ ಕೊಡಲಾಗದು. ಈ ಎರಡನ್ನೂ ಬೇರ್ಪಡಿಸಿ ಕಂಡರೆ ಆತನ ಯಶಸ್ಸು ಕಿರಿದಾಗುವುದಿಲ್ಲ. ತನ್ನ ನಿಜವಾದ ಅಳತೆಯಲ್ಲಿ ನಿಲ್ಲುತ್ತದೆ.