ಯುದ್ಧಕಾಲದ ಕ್ರೊನೊಗ್ರಾಫ್ ಕೈಗಡಿಯಾರಗಳ ಸಂಗ್ರಹ

ವೇಳೆಯನ್ನು ತೋರಿಸುವುದರ ಜೊತೆಗೆ ಕಾಲಾವಧಿಯನ್ನೂ ಅಳೆಯಬಲ್ಲ ಗಡಿಯಾರವೇ ಕ್ರೊನೊಗ್ರಾಫ್. ಎರಡನೆಯ ಮಹಾಯುದ್ಧದ (1939–45) ಕಾಲದ ಇಂಥ ಕೈಗಡಿಯಾರಗಳನ್ನು ಹುಡುಕಿ, ಪರೀಕ್ಷಿಸಿ, ಕಾಪಾಡುವುದು ಸಂಗ್ರಹಲೋಕದ ಒಂದು ಗಂಭೀರ ಶಾಖೆ. ಈ ಶಾಖೆಯಲ್ಲಿ ಹೊಳಪಿಗಿಂತ ಅಸಲಿತನಕ್ಕೆ ಬೆಲೆ ಹೆಚ್ಚು.

ಹಿನ್ನೆಲೆ: ಓಡುವ ಮುಳ್ಳನ್ನು ಒಂದೇ ಒತ್ತಿಗೆ ಸೊನ್ನೆಗೆ ತರುವ ಹೃದಯಾಕಾರದ ಕ್ಯಾಮ್‌ಗೆ ಅಡಾಲ್ಫ್ ನಿಕೋಲ್ 1844ರಲ್ಲಿ ಪೇಟೆಂಟ್ ಪಡೆದ. 1913ರಲ್ಲಿ ಲಾಂಜೀನ್ಸ್ ಕಂಪನಿ ಕೈಗಡಿಯಾರಕ್ಕೆಂದೇ ಕ್ರೊನೊಗ್ರಾಫ್ ಯಂತ್ರವೊಂದನ್ನು ರೂಪಿಸಿತು. 1934ರಲ್ಲಿ ಬ್ರೈಟ್ಲಿಂಗ್ ಎರಡನೆಯ ಗುಂಡಿಯನ್ನು ಸೇರಿಸಿತು. ಮೇಲಿನ ಗುಂಡಿ ಓಡಿಸಲು ಮತ್ತು ನಿಲ್ಲಿಸಲು, ಕೆಳಗಿನದು ಸೊನ್ನೆಗೆ ತರಲು ಎಂಬ ವ್ಯವಸ್ಥೆ ಆಗ ನೆಲೆಗೊಂಡಿತು.

ಯುದ್ಧದಲ್ಲಿ ಬಳಕೆ: ವಿಮಾನದ ವೇಗ, ದಿಕ್ಕು, ಹಾರಿದ ಸಮಯ ಇವುಗಳಿಂದ ನ್ಯಾವಿಗೇಟರ್ ತಾನಿರುವ ಜಾಗವನ್ನು ಲೆಕ್ಕಹಾಕುತ್ತಿದ್ದ. ದಿಕ್ಕು ಬದಲಾದಾಗಲೆಲ್ಲ ಎಣಿಕೆ ಹೊಸದಾಗಿ ಶುರುವಾಗಬೇಕಿತ್ತು. ಒತ್ತಿದಾಗ ಸೊನ್ನೆಗೆ ಮರಳಿ, ಕೈಬಿಟ್ಟೊಡನೆ ಮತ್ತೆ ಓಡುವ ‘ಫ್ಲೈಬ್ಯಾಕ್’ ಯಂತ್ರ ಇದಕ್ಕೆ ಒದಗಿತು. ಫಿರಂಗಿ ದಳದವರಿಗೆ ಟೆಲಿಮೀಟರ್ ಪಟ್ಟಿ ನೆರವಾಯಿತು: ತೋಪಿನ ಬೆಳಕು ಕಂಡಾಗ ಮುಳ್ಳನ್ನು ಓಡಿಸಿ ಸದ್ದು ಕೇಳಿದಾಗ ನಿಲ್ಲಿಸಿದರೆ ದೂರ ತಿಳಿಯುತ್ತಿತ್ತು. ಸದ್ದು ಒಂದು ಕಿ.ಮೀ. ಸಾಗಲು ಸುಮಾರು 3 ಸೆಕೆಂಡು ಬೇಕು.

ಮುಖ್ಯ ಮಾದರಿಗಳು: ಜರ್ಮನ್ ವಾಯುಪಡೆ ಬಳಸಿದ ಹಾನ್‌ಹಾರ್ಟ್ ಮತ್ತು ಟುಟಿಮಾ ಗಡಿಯಾರಗಳಿಗೆ ಸಂಗ್ರಾಹಕರಲ್ಲಿ ವಿಶೇಷ ಮನ್ನಣೆಯಿದೆ. ಸ್ಯಾಕ್ಸನಿಯ ಗ್ಲಾಸ್‌ಹ್ಯೂಟೆ ಪಟ್ಟಣದಲ್ಲಿ 1941ರಿಂದ ತಯಾರಾದ ಟುಟಿಮಾದೊಳಗಿನ ಯಂತ್ರ ಉರೋಫಾ 59. 1945ರ ಮೇ 8ರಂದು, ಯುರೋಪಿನಲ್ಲಿ ಯುದ್ಧ ಮುಗಿದ ದಿನವೇ, ಆ ಪಟ್ಟಣದ ಮೇಲೆ ಬಾಂಬ್ ಬಿತ್ತು. ಉಳಿದ ಯಂತ್ರೋಪಕರಣಗಳನ್ನು ಸೋವಿಯತ್ ಆಡಳಿತ ಸಾಗಿಸಿತು.

ಜರ್ಮನರ ಸ್ಟಾಲಾಗ್ ಲುಫ್ಟ್ 3 ಸೆರೆಶಿಬಿರದ ರೋಲೆಕ್ಸ್ 3525 ಕ್ರೊನೊಗ್ರಾಫ್‌ಗಳ ಕಥೆ ಬೇರೆ. ಬಂದಿಗಳಾಗಿದ್ದ ಮಿತ್ರರಾಷ್ಟ್ರಗಳ ಯೋಧರು ಅಂಚೆಯ ಮೂಲಕ ಗಡಿಯಾರ ಕೇಳಿದರೆ, ಹಣವನ್ನು ಯುದ್ಧ ಮುಗಿದ ಮೇಲೆ ಕೊಟ್ಟರೆ ಸಾಕೆಂದು ರೋಲೆಕ್ಸ್ ಸಂಸ್ಥಾಪಕ ಹ್ಯಾನ್ಸ್ ವಿಲ್ಸ್‌ಡಾರ್ಫ್ ಕಳುಹಿಸಿಕೊಟ್ಟರು. 1944ರ ಮಾರ್ಚ್‌ನಲ್ಲಿ ಸುರಂಗದ ಮೂಲಕ 76 ಬಂದಿಗಳು ಆ ಶಿಬಿರದಿಂದ ಪಾರಾದರು. ಮತ್ತೆ ಸಿಕ್ಕಿಬಿದ್ದ 73 ಮಂದಿಯಲ್ಲಿ 50 ಜನರನ್ನು ಕೊಲ್ಲಲಾಯಿತು. ಅಲ್ಲಿ ಬಂದಿಯಾಗಿದ್ದ ಜೆರಾಲ್ಡ್ ಐಮ್ಸನ್ ಅವರ ರೋಲೆಕ್ಸ್ 2022ರಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ 1,89,000 ಡಾಲರಿಗೆ ಮಾರಾಟವಾಯಿತು. ಗಡಿಯಾರದೊಂದಿಗೆ ಅದರ ಒಡೆಯನ ಚರಿತ್ರೆಯೂ ಉಳಿದು ಬಂದದ್ದು ಆ ಬೆಲೆಗೆ ಕಾರಣ.

ಪರೀಕ್ಷೆ: ಕತ್ತಲಲ್ಲಿ ಕಾಣಲೆಂದು ಅಂಕಿಗಳಿಗೆ ರೇಡಿಯಂ ಬಣ್ಣ ಬಳಿಯುತ್ತಿದ್ದರು. ರೇಡಿಯಂನ ಅರ್ಧಾಯುಷ್ಯ ಸುಮಾರು 1,600 ವರ್ಷ. ಬಣ್ಣದಲ್ಲಿ ಬೆಳಕು ಸೂಸುವ ಸತುವಿನ ಸಲ್ಫೈಡ್ ಮಾತ್ರ ಬೇಗ ಸೊರಗುತ್ತದೆ. ಆದ್ದರಿಂದ ಹಳೆಯ ಡಯಲ್ ಇಂದಿಗೂ ಪ್ರಖರವಾಗಿ ಬೆಳಗಿದರೆ ಹೊಸ ಬಣ್ಣದ ಶಂಕೆ ಮೂಡಬೇಕು. ಆದರೆ ಮಂಕಾದ ಬಣ್ಣದ ವಿಕಿರಣ ನಿಂತಿರುವುದಿಲ್ಲ. ಹಾಗಾಗಿ ಮನೆಯಲ್ಲಿ ಡಯಲನ್ನು ಕೆರೆಯುವುದು ಅಪಾಯಕರ. ಜರ್ಮನ್ ಗಡಿಯಾರಗಳ ಲೋಹಲೇಪಿತ ಕವಚ ಬೆವರಿಗೆ ಸವೆಯುವುದು ಸಹಜ, ಲೇಪ ಫಳಫಳಿಸಿದರೆ ಅದನ್ನೂ ಪ್ರಶ್ನಿಸಬೇಕು.

ಸಂರಕ್ಷಣೆ: ಹಳೆಯ ಎಣ್ಣೆ ತೆಗೆದು ಹೊಸ ಎಣ್ಣೆ ಹಾಕುವುದು ಅಗತ್ಯ. ಆದರೆ ಡಯಲಿಗೆ ಬಣ್ಣ ಬಳಿಯುವುದು, ಕವಚವನ್ನು ಉಜ್ಜಿ ಅಂಚು ಸವೆಸುವುದು ಸಾಕ್ಷ್ಯನಾಶ. ಬಿಡಿಭಾಗ ಬದಲಿಸಲೇಬೇಕಾಗಿ ಬಂದರೆ ತೆಗೆದದ್ದನ್ನು ಗಡಿಯಾರದ ಜೊತೆಗೇ ಇಟ್ಟು, ಮಾಡಿದ ಕೆಲಸವನ್ನು ಬರೆದಿಡಬೇಕು. ಮುಂದಿನ ಪರೀಕ್ಷಕನಿಗೆ ಅಸಲು ಯಾವುದು, ದುರಸ್ತಿ ಯಾವುದು ಎಂದು ತಿಳಿಯುವುದು ಇದರಿಂದಲೇ.