ಎತ್ತು ಏರಿಗೆ, ಕೋಣ ನೀರಿಗೆ

ನಮ್ಮ ಮನೆಯಿಂದ ಶಾಲೆಗೆ ಹೋಗುವ ದಾರಿಯಲ್ಲಿ ಕೆರೆ ಏರಿ ಸಿಗುತ್ತದೆ. ಎಡಕ್ಕೆ ನೀರು, ಬಲಕ್ಕೆ ತಗ್ಗಿನಲ್ಲಿ ಗದ್ದೆ. ‘ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಎಷ್ಟು ವರ್ಷ ಮಕ್ಕಳಿಗೆ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಅದು ನನಗೇ ಸರಿಯಾಗಿ ಅರ್ಥವಾದದ್ದು ಮಾತ್ರ ಒಂದು ಮಳೆಗಾಲದ ಬೆಳಿಗ್ಗೆ, ಆ ಏರಿಯ ಮೇಲೆ. ಕರುವೊಂದು ಅಡ್ಡ ಬಂತೆಂದು ಬ್ರೇಕ್ ಒತ್ತಿದೆ. ಕಾರು ನೆಟ್ಟಗೆ ನಿಲ್ಲುವುದನ್ನು ಬಿಟ್ಟು ಎಡಕ್ಕೆ ಮುಖ ತಿರುಗಿಸಿ ನೀರಿನ ಕಡೆ ಹೊರಟಿತು. ಅಂಚಿನ ಕಲ್ಲುಕಂಬಕ್ಕೆ ಒಂದು ಮೊಳ ಇದೆ ಎನ್ನುವಾಗ ನಿಂತಿತು. ಹಿಂದಿನ ಸೀಟಿನಲ್ಲಿ ದಿನವೂ ನನ್ನ ಜೊತೆ ಬರುತ್ತಿದ್ದ ಎಂಟನೇ ಕ್ಲಾಸಿನ ಇಬ್ಬರು ಹುಡುಗಿಯರಿದ್ದರು. ಇಬ್ಬರೂ ಅಳಲಿಲ್ಲ. ಮಾರನೆಯ ದಿನದಿಂದ ಒಬ್ಬಳು ಬಸ್ಸಿಗೆ ಹೋದಳು.

‘ಸ್ಟಿಯರಿಂಗ್ ಗಟ್ಟಿಯಾಗಿ ಹಿಡಿಯೋದಕ್ಕೆ ಬರಲ್ಲ ನಿನಗೆ’ ಎಂದರು ನಮ್ಮವರು. ನಾನು ಕಾರು ಕಲಿತದ್ದು ನಲವತ್ತೆಂಟನೆಯ ವಯಸ್ಸಿನಲ್ಲಿ. ಹಾಗೆ ಕಲಿತವಳಿಗೆ ಇಂಥ ಮಾತು ಬಹಳ ಬೇಗ ನಿಜವೆನಿಸುತ್ತದೆ. ಬೀಗದ ಕೈಯನ್ನು ಮೊಳೆಗೆ ತಗುಲಿಹಾಕಿ ನಾನೂ ಬಸ್ಸು ಹತ್ತಿದೆ. ಕಾರನ್ನು ಒಂದು ಗ್ಯಾರೇಜಿಗೆ ಕಳಿಸಿದ್ದಾಯಿತು. ವೀಲ್ ಅಲೈನ್‌ಮೆಂಟ್ ಎಂದು ಬಿಲ್ಲು ಬಂತು, ಎಳೆತ ಹೋಗಲಿಲ್ಲ. ಇನ್ನು ತಪ್ಪು ನನ್ನದೇ ಎಂದು ಮನೆಯಲ್ಲಿ ತೀರ್ಮಾನವಾಯಿತು.

ಅರ್ಥವಾಗದ ಪದ ಕಂಡರೆ ಮೇಷ್ಟ್ರ ಕೆಲಸ ಮಾಡುವವರಿಗೆ ಸುಮ್ಮನಿರಲಾಗುವುದಿಲ್ಲ. ಈ ಅಲೈನ್‌ಮೆಂಟ್ ಎಂದರೇನು ಎಂದು ಹುಡುಕಿಕೊಂಡು ಹೋದವಳು ಇನ್ನೂರು ವರ್ಷ ಹಿಂದಕ್ಕೆ ಹೋಗಿ ಬಿದ್ದೆ.

ಆಗಿನ ಕುದುರೆ ಸಾರೋಟುಗಳಲ್ಲಿ ಮುಂದಿನ ಅಚ್ಚು ಇಡಿಯಾಗಿ ನಡುವಿನ ಒಂದು ಗೂಟದ ಮೇಲೆ ತಿರುಗುತ್ತಿತ್ತು. ಒಂದು ಚಕ್ರಕ್ಕೆ ಕಲ್ಲು ಸಿಕ್ಕಿದರೆ ಸಾಕು, ಅಚ್ಚೆಲ್ಲ ಆ ಕಡೆಗೆ ಹೊರಳುತ್ತಿತ್ತು. ತಿರುವಿನಲ್ಲಿ ಸಾರೋಟು ಮಗುಚುವುದೂ ಇತ್ತು. ಮ್ಯೂನಿಕ್‌ನ ಸಾರೋಟು ತಯಾರಕ ಗೇಯಾರ್ಗ್ ಲಾಂಕೆನ್ಸ್‌ಪೆರ್ಗರ್ 1816ರ ಸುಮಾರಿಗೆ ಒಂದು ಉಪಾಯ ಹೂಡಿದ. ಅಚ್ಚು ಅಲ್ಲಾಡದೆ ಇರಲಿ, ಅದರ ಎರಡು ತುದಿಯಲ್ಲಿ ಚಕ್ರಗಳು ತಂತಮ್ಮ ಕೀಲಿನ ಮೇಲೆ ತಿರುಗಲಿ, ಎರಡನ್ನೂ ಒಂದು ಸರಳು ಜೋಡಿಸಲಿ. ಅಷ್ಟೇ ಅಲ್ಲ, ತಿರುವಿನಲ್ಲಿ ಒಳಗಿನ ಚಕ್ರ ಹೊರಗಿನದಕ್ಕಿಂತ ಹೆಚ್ಚು ತಿರುಗಬೇಕು. ಇದನ್ನು ನಾನು ಆಗಸ್ಟ್ ಹದಿನೈದರ ಪಥಸಂಚಲನದಲ್ಲಿ ಪ್ರತಿವರ್ಷ ಕಾಣುತ್ತೇನೆ. ಸಾಲು ತಿರುಗುವಾಗ ಒಳತುದಿಯ ಹುಡುಗಿ ನಿಂತಲ್ಲೇ ಹೆಜ್ಜೆ ಹಾಕಬೇಕು, ಹೊರತುದಿಯವಳು ಹೆಚ್ಚುಕಡಿಮೆ ಓಡಬೇಕು. ಇಬ್ಬರೂ ಒಂದೇ ಅಳತೆಯಲ್ಲಿ ನಡೆದರೆ ಸಾಲು ಮುರಿಯುತ್ತದೆ.

ಇದಕ್ಕೆ 1818ರಲ್ಲಿ ಲಂಡನ್ನಿನಲ್ಲಿ ಪೇಟೆಂಟ್ ಮಾಡಿಸಿದವನು ಅವನ ಪರವಾಗಿದ್ದ ರುಡಾಲ್ಫ್ ಆಕರ್ಮನ್. ಈತ ಚಿತ್ರಗಳ ಅಂಗಡಿ ಇಟ್ಟುಕೊಂಡಿದ್ದ ಪ್ರಕಾಶಕ. 1809ರಿಂದ ಹೊರಡಿಸುತ್ತಿದ್ದ ಅವನ ಮಾಸಪತ್ರಿಕೆಯಲ್ಲಿ ಹೆಂಗಸರ ಉಡುಪಿನ ಬಣ್ಣದ ಚಿತ್ರಗಳು ಬಹಳ ಹೆಸರಾಗಿದ್ದವು. ಕಂಡುಹಿಡಿದವನ ಹೆಸರು ಮರೆತುಹೋಗಿ ಇಂದಿಗೂ ಅದು ‘ಆಕರ್ಮನ್ ಸ್ಟಿಯರಿಂಗ್’. ಇತಿಹಾಸ ಪಾಠ ಮಾಡುವವಳಿಗೆ ಇದೇನೂ ಹೊಸದಲ್ಲ, ಆದರೂ ಪಾಪ ಎನಿಸಿತು.

ಕಾರು ಬಂದಾಗಲೂ ಈ ಜೋಡಿಚಕ್ರದ ತಕರಾರು ಬಗೆಹರಿದಿರಲಿಲ್ಲ. ಕಾರ್ಲ್ ಬೆಂಜ್ ತನ್ನ ಮೊದಲ ಕಾರಿಗೆ ಮುಂದೆ ಒಂದೇ ಚಕ್ರ ಇಟ್ಟ. ಒಂಟಿ ಚಕ್ರಕ್ಕೆ ಜಗಳವಾಡಲು ಜೊತೆಗಾರನೇ ಇಲ್ಲವಲ್ಲ! 1888ರ ಆಗಸ್ಟಿನಲ್ಲಿ ಅವನ ಹೆಂಡತಿ ಬರ್ಥಾ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ತವರೂರು ಫೋರ್ಟ್ಸ್‌ಹೈಮಿಗೆ, ನೂರು ಕಿಲೋಮೀಟರಿಗೂ ಹೆಚ್ಚು ದೂರ, ಹೊರಟಳು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನು ತೂರಿಸಿ ಬಿಡಿಸಿದಳಂತೆ. ಮರದ ಬ್ರೇಕ್ ಸವೆದಾಗ ದಾರಿಯಲ್ಲಿ ಚಮ್ಮಾರನೊಬ್ಬನಿಂದ ಅದಕ್ಕೆ ತೊಗಲು ಹೊಡೆಸಿದಳು. ಬ್ರೇಕಿಗೆ ಒಳಪಟ್ಟಿ ಎಂಬುದು ಬಂದದ್ದು ಹೀಗೆ ಎಂದು ಹೇಳುತ್ತಾರೆ. ದೂರ ಪ್ರಯಾಣದಲ್ಲಿ ಕಾರಿನ ದೋಷ ಪತ್ತೆಮಾಡಿ ರಿಪೇರಿ ಮಾಡಿದವರ ಚರಿತ್ರೆ ಒಬ್ಬ ಹೆಂಗಸಿನಿಂದ ಶುರುವಾಗುತ್ತದೆ ಎಂದು ಊಟದ ಹೊತ್ತಿನಲ್ಲಿ ನಾನು ಜೋರಾಗಿಯೇ ಓದಿದೆ. ನಮ್ಮವರು ಸಾರು ಬಡಿಸು ಎಂದರು. ಬೆಂಜ್ ಎರಡು ಮುಂಚಕ್ರಗಳ ಸಮಸ್ಯೆ ಬಿಡಿಸಿಕೊಂಡು ನಾಲ್ಕು ಚಕ್ರದ ‘ವಿಕ್ಟೋರಿಯಾ’ ತಂದದ್ದು 1893ರಲ್ಲಿ.

ಆದರೆ ನನ್ನ ಕಾರಿನ ಅಲೈನ್‌ಮೆಂಟ್ ಸರಿಯಾಗಿಯೇ ಇತ್ತಲ್ಲ! ಹಾಗಾದರೆ ಇನ್ನೆಲ್ಲಿ?

ಕೊನೆಗೆ ದಾರಿ ತೋರಿಸಿದವನು ನನ್ನ ಹಳೆಯ ವಿದ್ಯಾರ್ಥಿ. ಸಮಾಜ ವಿಜ್ಞಾನದಲ್ಲಿ ಯಾವಾಗಲೂ ಅಂಚಿನಲ್ಲಿ ಪಾಸಾಗುತ್ತಿದ್ದವನು ಈಗ ಬಸ್‌ಸ್ಟ್ಯಾಂಡ್ ಹಿಂದೆ ಸಣ್ಣ ವರ್ಕ್‌ಶಾಪ್ ಇಟ್ಟಿದ್ದಾನೆ. ಎಲ್ಲ ಕೇಳಿ, ಅಲ್ಲಿಯವರೆಗೆ ಯಾರೂ ಕೇಳದ ಪ್ರಶ್ನೆ ಕೇಳಿದ: ‘ಮೇಡಂ, ಸುಮ್ಮನೆ ಹೋಗ್ತಿರುವಾಗ ಎಳೆಯುತ್ತಾ, ಬ್ರೇಕ್ ಹಾಕಿದಾಗ ಮಾತ್ರ ಎಳೆಯುತ್ತಾ?’

ಅವನ ಲೆಕ್ಕ ಹೀಗೆ. ಸುಮ್ಮನೆ ಹೋಗುವಾಗ ಎಳೆದರೆ ಮೊದಲು ಗಾಳಿ ನೋಡಬೇಕು; ಗಾಳಿ ಕಡಿಮೆಯಿರುವ ಟೈರಿನ ಕಡೆಗೇ ಕಾರು ಹೋಗುತ್ತದೆ. ಗಾಳಿ ಸರಿಯಿದ್ದರೆ ಮುಂದಿನ ಎರಡು ಚಕ್ರ ಅದಲುಬದಲು ಮಾಡಿ ನೋಡಬೇಕು. ಎಳೆತವೂ ಪಕ್ಕ ಬದಲಿಸಿದರೆ ದೋಷ ಟೈರಿನದು. ಸ್ವಲ್ಪ ದೂರ ಓಡಿಸಿ ನಿಲ್ಲಿಸಿದಾಗ ಒಂದು ಚಕ್ರ ಮಾತ್ರ ಕಾದಿದ್ದರೆ ಅಲ್ಲಿ ಬ್ರೇಕ್ ಹಿಡಿದದ್ದು ಬಿಟ್ಟಿಲ್ಲ. ಮುಟ್ಟಬೇಡಿ, ದೋಸೆ ಕಾವಲಿಗೆ ಚಿಮುಕಿಸಿದಂತೆ ಎರಡು ಹನಿ ನೀರು ಚಿಮುಕಿಸಿ ಎಂದ. ಇದಕ್ಕೆಲ್ಲ ಮೊದಲು ಕಾರನ್ನು ನಮ್ಮ ಶಾಲೆಯ ಮೈದಾನಕ್ಕೆ ತಂದ. ಯಾಕೆಂದರೆ ರಸ್ತೆಯೇ ಮೋಸ ಮಾಡುತ್ತದೆ. ನೀರು ಹರಿದುಹೋಗಲೆಂದು ನಡು ಎತ್ತರ, ಅಂಚು ತಗ್ಗು. ಎಡಗಡೆ ಹೋಗುವ ನಮ್ಮ ಕಾರುಗಳು ಸಹಜವಾಗಿಯೇ ತುಸು ಎಡಕ್ಕೆ ಜಾರುತ್ತವೆ. ಮೆಕಾಡಮ್ ರಸ್ತೆ ಎಂದು ಪುಸ್ತಕದಲ್ಲಿ ಓದುತ್ತೇವಲ್ಲ, ಆ ಮೆಕಾಡಮ್ ಮೂವತ್ತು ಅಡಿ ಅಗಲದ ರಸ್ತೆಗೆ ನಡುವೆ ಮೂರೇ ಅಂಗುಲ ಎತ್ತರ ಸಾಕೆಂದಿದ್ದ. ನಮ್ಮ ಏರಿಯ ಮೇಲೆ ಡಾಂಬರಿನ ಮೇಲೆ ಡಾಂಬರು ಬಿದ್ದು ಆಮೆಯ ಬೆನ್ನಾಗಿದೆ.

ಮೈದಾನದಲ್ಲಿ ಕಾರು ನೆಟ್ಟಗೆ ಹೋಯಿತು. ಬ್ರೇಕ್ ಒತ್ತಿದೊಡನೆ ಎಡಕ್ಕೆ. ‘ಹಾಗಾದರೆ ಎಡಗಡೆ ಬ್ರೇಕ್ ಕೆಟ್ಟಿದೆ’ ಎಂದೆ. ಅವನು ನಕ್ಕ. ‘ಅಲ್ಲ ಮೇಡಂ. ಎಡಗಡೆಯದು ಕೆಲಸ ಮಾಡ್ತಿದೆ. ಬಲಗಡೆಯದು ಮಲಗಿದೆ.’

ನನ್ನ ತಂದೆಯ ಜೋಡೆತ್ತಿನ ಗಾಡಿ ನೆನಪಾಯಿತು. ಗಾಡಿ ಎಡಕ್ಕೆ ವಾಲಿದರೆ ಅವರು ಎಡದ ಎತ್ತನ್ನು ಗದರುತ್ತಿದ್ದರು. ಹಿಂದೆ ಬಿದ್ದ ಎತ್ತಿನ ಕಡೆಗೇ ಗಾಡಿ ತಿರುಗುವುದು. ಎಳೆಯುವವರ ಲೆಕ್ಕ ಅದು. ತಡೆಯುವವರ ಲೆಕ್ಕ ತಿರುವುಮುರುವು. ಒಂದು ಪಕ್ಕ ಬಿಗಿಯಾಗಿ ಹಿಡಿದು ಇನ್ನೊಂದು ಪಕ್ಕ ಸುಮ್ಮನಿದ್ದರೆ, ಹಿಡಿದವನ ಕಡೆಗೇ ಕಾರು ತಿರುಗುತ್ತದೆ, ಅಪವಾದವೂ ಅವನಿಗೇ.

ಈ ಭಯ ಹಳೆಯದು. ಮೊದಮೊದಲ ಕಾರುಗಳಿಗೆ ಸಾಮಾನ್ಯವಾಗಿ ಹಿಂಚಕ್ರಗಳಿಗಷ್ಟೇ ಬ್ರೇಕ್. ಮುಂಚಕ್ರಕ್ಕೂ ಹಾಕಲು ಶುರುಮಾಡಿದಾಗ ಸರಳು, ತಂತಿಗಳಿಂದ ಎಳೆಯಬೇಕಾಗಿತ್ತು. ಒಂದರ ತಿರುಪು ಒಂದು ಸುತ್ತು ಬಿಗಿಯಾದರೂ ಕಾರು ಪಕ್ಕಕ್ಕೆ. ಇದಕ್ಕೆ ದ್ರವವನ್ನು ಹಿಡಿದವನು ಅಮೆರಿಕದ ಮಾಲ್ಕಮ್ ಲಾಕ್‌ಹೀಡ್, 1913ರಲ್ಲಿ ತಮ್ಮನೊಂದಿಗೆ ಕಟ್ಟಿದ ವಿಮಾನ ಹಾರಿಸಿದ್ದವನು. ಅವನ ತಾಯಿ ಫ್ಲೋರಾ ಪತ್ರಕರ್ತೆ, ಲೇಖಕಿ. ಮುಚ್ಚಿದ ದ್ರವವನ್ನು ಒಂದೆಡೆ ಒತ್ತಿದರೆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬುದು ಪಾಸ್ಕಲ್‌ನ ನಿಯಮ. ಅವನ ಬರಹ ಅಚ್ಚಾದದ್ದು ಅವನು ಸತ್ತ ಮರುವರ್ಷ, 1663ರಲ್ಲಿ. ನಮ್ಮ ವಿಜ್ಞಾನದ ಮೇಡಂ ಹಾಲಿನ ಖಾಲಿ ಪ್ಯಾಕೆಟ್ಟಿಗೆ ನೀರು ತುಂಬಿ, ಸೂಜಿಯಲ್ಲಿ ನಾಲ್ಕು ತೂತು ಮಾಡಿ ಹಿಚುಕಿ, ಸ್ಟಾಫ್‌ರೂಮಿನ ಹಾಜರಿ ಪುಸ್ತಕವನ್ನೆಲ್ಲ ತೋಯಿಸಿ ಇದನ್ನು ತೋರಿಸಿದರು. 1921ರ ಡ್ಯೂಸೆನ್‌ಬರ್ಗ್ ಕಾರಿಗೆ ನಾಲ್ಕೂ ಚಕ್ರಕ್ಕೆ ಇಂಥ ಬ್ರೇಕ್ ಬಂತು, 1924ರಲ್ಲಿ ಕ್ರೈಸ್ಲರ್‌ಗೆ. ಫೋರ್ಡ್ ಕಾರು ಒಪ್ಪಿಕೊಂಡದ್ದು 1939ರಲ್ಲಿ.

ಹಾಗಾದರೆ ನನ್ನ ಕಾರಿನಲ್ಲಿ ಪಾಸ್ಕಲ್ ಸೋತನೆ? ಇಲ್ಲ. ಒತ್ತಡ ಎರಡೂ ಬಾಗಿಲನ್ನು ಸಮನಾಗಿಯೇ ತಟ್ಟುತ್ತದೆ, ಒಳಗಿರುವವನು ಏಳಬೇಕಲ್ಲ! ಹುಡುಗ ಬಲಚಕ್ರ ಬಿಚ್ಚಿ ತೋರಿಸಿದ. ಬ್ರೇಕ್ ಆಯಿಲ್ ವರ್ಷಗಟ್ಟಲೆ ಬದಲಿಸದೆ ಅದು ತೇವ ಹೀರಿ, ಪಿಸ್ಟನ್ ತುಕ್ಕು ಹಿಡಿದು ಕೂತುಬಿಟ್ಟಿತ್ತು. ಎರಡೂ ಕಡೆ ರಿಪೇರಿ ಮಾಡಿ, ಆಯಿಲ್ ಬದಲಿಸಿ ಕೊಟ್ಟ. ಆ ತುಕ್ಕಿನ ತುಂಡನ್ನು ಕಾಗದದಲ್ಲಿ ಸುತ್ತಿಸಿಕೊಂಡು ಬಂದು ಊಟದ ಮೇಜಿನ ಮೇಲೆ ಇಟ್ಟೆ, ನಮ್ಮವರ ತಟ್ಟೆಯ ಬಲಗಡೆಗೆ.

ಮುಂದಿನ ಸೋಮವಾರ ಬಸ್ಸಿಗೆ ಹೋಗುತ್ತಿದ್ದ ಹುಡುಗಿಯ ಮನೆ ಮುಂದೆ ಕಾರು ನಿಲ್ಲಿಸಿದೆ. ಅವಳ ತಾಯಿ ಹೊರಗೆ ಬಂದು ನನ್ನ ಮುಖವನ್ನೂ ಕಾರನ್ನೂ ನೋಡಿ, ಸ್ವಲ್ಪ ತಡೆದು, ಮಗಳ ಚೀಲ ತಂದುಕೊಟ್ಟರು. ಅಂದು ನಮ್ಮವರೂ ಪಕ್ಕದ ಸೀಟಿನಲ್ಲಿದ್ದರು. ಏರಿಯ ಮೇಲೆ, ಕರು ಅಡ್ಡ ಬಂದಿದ್ದ ಜಾಗದಲ್ಲಿ, ಬೇಕೆಂದೇ ಬ್ರೇಕ್ ಒತ್ತಿದೆ. ಕಾರು ಗೆರೆ ಎಳೆದಂತೆ ನಿಂತಿತು. ನಮ್ಮವರ ಬಲಗಾಲು ಮಾತ್ರ ತಮ್ಮ ಕಡೆಯ ಮ್ಯಾಟನ್ನು ಬಲವಾಗಿ ಒತ್ತಿ ಹಿಡಿದಿತ್ತು.