ತಾಳಗುಂದದ ಕಂಬ: ಪಠ್ಯವೂ ತಾಣವೂ ಒಂದೇ ಕಡೆ ಇದ್ದಾಗ

ಕ್ರಿ.ಶ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಎಗೇರಿಯಾ ಎಂಬ ಕ್ರೈಸ್ತ ಮಹಿಳೆ ಸಿನಾಯ್, ಜೆರುಸಲೇಮ್ ಮೊದಲಾದ ಕಡೆ ಯಾತ್ರೆ ಮಾಡಿದಳು. ಆಕೆ ಲ್ಯಾಟಿನ್‌ನಲ್ಲಿ ಬರೆದ ಕಥನದ ಒಂದು ಭಾಗ ಉಳಿದುಬಂದಿದೆ. ದಾರಿ ತೋರಿಸಿದವರು ಸ್ಥಳೀಯ ಸನ್ಯಾಸಿಗಳು. ಪ್ರತಿ ತಾಣದಲ್ಲೂ ಪ್ರಾರ್ಥನೆ ನಡೆದು, ಆ ಜಾಗಕ್ಕೆ ಸಂಬಂಧಿಸಿದ ಬೈಬಲ್ ಭಾಗವನ್ನು ಅಲ್ಲೇ ನಿಂತು ಓದುತ್ತಿದ್ದರು. ಇಂದು ಪಾದ್ರಿಯೊಬ್ಬರ ಮುಂದಾಳತ್ವದಲ್ಲಿ ನಮ್ಮೂರುಗಳಿಂದ ಹೊರಡುವ ಪವಿತ್ರ ನಾಡಿನ ಯಾತ್ರೆಗಳಲ್ಲೂ ಹೆಚ್ಚುಕಡಿಮೆ ಇದೇ ಕ್ರಮ. ಎಗೇರಿಯಾ ಭಕ್ತೆಯಾದರೂ ಕಣ್ಣು ಮುಚ್ಚಿ ನಂಬುವವಳಲ್ಲ. ಉಪ್ಪಿನ ಕಂಬವಾದ ಲೋಟನ ಹೆಂಡತಿಯ ಜಾಗ ತಲುಪಿದಾಗ, ಅಲ್ಲಿ ಕಂಬ ಕಾಣಲಿಲ್ಲ, ಜಾಗವನ್ನಷ್ಟೇ ತೋರಿಸಿದರು ಎಂದು ನೇರವಾಗಿ ಬರೆದಿದ್ದಾಳೆ. ಅದು ಕೆಲವು ವರ್ಷಗಳಿಂದ ಕಾಣುತ್ತಿಲ್ಲವೆಂದು ಅಲ್ಲಿನ ಬಿಷಪ್ಪರು ಹೇಳಿದ್ದನ್ನೂ ಸೇರಿಸಿದ್ದಾಳೆ.

ಪಠ್ಯ ಉಳಿದು ವಸ್ತು ಕಾಣೆಯಾಗುವುದು ಇಂಥ ಯಾತ್ರೆಗಳ ಹಳೆಯ ತೊಡಕು. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಸ್ಥಿತಿ ಬೇರೆ. ಇಲ್ಲಿ ಪಠ್ಯವೇ ವಸ್ತು, ಅದು ತನ್ನ ಜಾಗದಲ್ಲೇ ನಿಂತಿದೆ. ಆದರೂ ಇಲ್ಲಿಗೆ ಬರುವವರಿಗೆ ಹೆಚ್ಚಾಗಿ ಹೇಳಲಾಗುವ ಕಥೆ ಆ ಪಠ್ಯದ್ದಲ್ಲ. ಈ ಟಿಪ್ಪಣಿ ಅದರ ಬಗ್ಗೆ.

ಪ್ರಣವೇಶ್ವರ ಗುಡಿಯ ಮುಂದಿರುವ ಕಂಬ ಬೂದುಬಣ್ಣದ ಗಟ್ಟಿ ಕಲ್ಲಿನದು. ಚೌಕ ಪೀಠದ ಮೇಲೆ ಎಂಟು ಮುಖದ ದಂಡ. ಅಕ್ಷರಗಳ ಸಾಲುಗಳು ಅಡ್ಡಕ್ಕಿಲ್ಲ, ಬುಡದಿಂದ ಮೇಲಕ್ಕೆ ಏರುತ್ತವೆ. ಓದಬೇಕೆಂದರೆ ಕತ್ತು ವಾಲಿಸಬೇಕು, ಪೂರ್ತಿ ಓದಲು ಕಂಬವನ್ನು ಸುತ್ತಬೇಕು. (ಪ್ರದಕ್ಷಿಣೆ ಹಾಕದೆ ಮುಗಿಸಲಾಗದ ಕಾವ್ಯ ಇನ್ನೊಂದು ನನಗೆ ಗೊತ್ತಿಲ್ಲ.) ಬಿ.ಎಲ್. ರೈಸ್ ಇದನ್ನು ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಶಿಕಾರಿಪುರ 176 ಎಂದು ಪ್ರಕಟಿಸಿದರು. ಬಳಿಕ ಕೀಲ್‌ಹಾರ್ನ್ ಎಪಿಗ್ರಾಫಿಯಾ ಇಂಡಿಕದ ಎಂಟನೆಯ ಸಂಪುಟದಲ್ಲಿ ಸಂಪಾದಿಸಿದರು. ಭಾಷೆ ಸಂಸ್ಕೃತ, ಕವಿ ಕುಬ್ಜ, ಕಾಲ ಕದಂಬ ಶಾಂತಿವರ್ಮನದು, ಅಂದರೆ ಐದನೆಯ ಶತಮಾನದ ಮಧ್ಯಭಾಗ. ಕುಬ್ಜ ತನ್ನ ಕಾವ್ಯವನ್ನು ಕಲ್ಲಿನ ಮೇಲೆ ತಾನೇ ಬರೆದೆನೆಂದು ಹೇಳಿಕೊಳ್ಳುತ್ತಾನೆ.

ಕದಂಬ ರಾಜ್ಯ ಕಟ್ಟಿದ ಮಯೂರಶರ್ಮನ ಕಥೆ ಎಲ್ಲರಿಗೂ ಗೊತ್ತು, ಅದು ಬರುವುದೂ ಈ ಕಂಬದಲ್ಲೇ. ಗುರು ವೀರಶರ್ಮನೊಡನೆ ಕಂಚಿಯ ಘಟಿಕಾಸ್ಥಾನಕ್ಕೆ ಹೋದದ್ದು, ಪಲ್ಲವರ ಕುದುರೆ ಸವಾರನೊಡನೆ ಜಗಳ, ದರ್ಭೆ ಹಿಡಿದ ಕೈ ಕತ್ತಿ ಹಿಡಿದದ್ದು, ಶ್ರೀಪರ್ವತದವರೆಗಿನ ಕಾಡು ಸೇರಿ ಬಾಣರಿಂದ ಕಪ್ಪ ವಸೂಲು ಮಾಡಿದ್ದು. ಆದರೆ ಶಾಸನ ಹುಟ್ಟಿದ್ದು ಈ ಕಥೆಗಾಗಿ ಅಲ್ಲ, ಒಂದು ಕೆರೆಗಾಗಿ. ಶಾತಕರ್ಣಿ ಮೊದಲಾದ ಅರಸರು ಪೂಜಿಸಿದ್ದ ಇಲ್ಲಿನ ಶಿವಾಲಯದ ಬಳಿ ಶಾಂತಿವರ್ಮನ ತಂದೆ ಕಾಕುಸ್ಥವರ್ಮ ದೊಡ್ಡ ಕೆರೆ ತೋಡಿಸಿದ ಎಂಬುದೇ ಅದರ ಮುಖ್ಯ ವಿಷಯ. ಕೊನೆಯಲ್ಲಿ ಸ್ಥಾನಕುಂದೂರಿನ (ಇದೇ ತಾಳಗುಂದದ ಹಳೆಯ ಹೆಸರು) ಮಹಾದೇವನಿಗೆ ನಮಸ್ಕಾರ, ಸುತ್ತಲಿಂದ ಜನ ಬಂದು ಸೇರುವ ಈ ನೆಲೆಗೆ ಹಾರೈಕೆ, ಪ್ರಜೆಗಳಿಗೆ ಸ್ವಸ್ತಿ. ಅರಸರೂ ಸುತ್ತಲಿನ ಜನರೂ ಬರುವ ಯಾತ್ರಾಸ್ಥಳವೆಂಬ ಭಾವ ಐದನೆಯ ಶತಮಾನದಲ್ಲೇ ಊರಿಗಿತ್ತು ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷ್ಯ ಬೇಕಿಲ್ಲ.

ಶಾತಕರ್ಣಿ ಎಂಬ ಹೆಸರನ್ನು ಮಾತ್ರ ಎಚ್ಚರದಿಂದ ಬಳಸಬೇಕು. ಅದೇ ತಾಲ್ಲೂಕಿನ ಮಳವಳ್ಳಿಯ ಕಂಬದಲ್ಲಿ ಚುಟು ಕುಲದ ಶಾತಕರ್ಣಿಯೊಬ್ಬ ಮಳಪಳಿದೇವನಿಗೆ ಕೊಟ್ಟ ದತ್ತಿ ಪ್ರಾಕೃತದಲ್ಲಿದೆ. ಕದಂಬ ಅರಸನೊಬ್ಬ ಅದನ್ನು ಮತ್ತೆ ಕೊಟ್ಟದ್ದೂ ಅದೇ ಕಂಬದಲ್ಲಿದೆ. ಆ ಹೆಸರಿನವರು ಈ ಸೀಮೆಯ ದೇವರಿಗೆ ನಡೆದುಕೊಳ್ಳುತ್ತಿದ್ದರು ಎನ್ನಲು ಇಷ್ಟು ಸಾಕು. ಕುಬ್ಜ ಹೇಳುವವನು ಅವನೇ ಎನ್ನಲು ಸಾಲದು.

ಇನ್ನು ಕದಂಬರ ಮೂಲ. ಕುಬ್ಜನ ಪ್ರಕಾರ ಮಾನವ್ಯ ಗೋತ್ರದ ಈ ಮನೆತನದವರು ಮನೆಯ ಬಳಿಯಿದ್ದ ಕದಂಬ ಮರವನ್ನು ಆರೈಕೆ ಮಾಡಿ ಬೆಳೆಸಿದ್ದರಿಂದ ಆ ಹೆಸರು ಬಂತು. ಅಷ್ಟೇ. ಶಿವನ ಬೆವರ ಹನಿಯಿಂದ ಕದಂಬ ಮರದಡಿ ಹುಟ್ಟಿದ ಮೂರು ಕಣ್ಣಿನವನು, ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆತಂದು ಅಗ್ರಹಾರ ಕಟ್ಟಿದ ಮುಕ್ಕಣ್ಣ, ಇವೆಲ್ಲ ಶತಮಾನಗಳ ಬಳಿಕದ ಶಾಸನಗಳಲ್ಲಿ ಬರುವ ಸಂಗತಿಗಳು. ಅಹಿಚ್ಛತ್ರದ ಕಥೆಯಂತೂ ತಾಳಗುಂದದ್ದೇ ಆದ ಈಚಿನ ಶಾಸನದಲ್ಲಿದೆ. ಅವು ಸುಳ್ಳೆಂದು ತಳ್ಳಬೇಕಿಲ್ಲ, ತಮ್ಮ ಕಾಲದ ಅಗ್ರಹಾರ ತನ್ನನ್ನು ಹೇಗೆ ಕಂಡುಕೊಂಡಿತೆಂಬುದಕ್ಕೆ ಅವು ಒಳ್ಳೆಯ ದಾಖಲೆ. ಆದರೆ ಕಂಬದ ಎದುರು ನಿಂತು ಆ ಕಥೆ ಹೇಳಿ, ಇದರಲ್ಲಿ ಹಾಗೆ ಬರೆದಿದೆ ಎಂದು ಬೆರಳು ತೋರಿಸುವುದು ತಪ್ಪು. ಜೆರುಸಲೇಮಿನಲ್ಲಿ ಯೇಸುವಿನ ಸಮಾಧಿಯೆಂದು ಎರಡು ಜಾಗ ತೋರಿಸುತ್ತಾರೆ: ನಾಲ್ಕನೆಯ ಶತಮಾನದಲ್ಲಿ ಕಾನ್‌ಸ್ಟಂಟೈನ್ ಚರ್ಚು ಕಟ್ಟಿಸಿದ್ದು ಒಂದು, ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಸಿದ್ಧಿಗೆ ಬಂದ ತೋಟದ ಸಮಾಧಿ ಇನ್ನೊಂದು. ಒಳ್ಳೆಯ ಮಾರ್ಗದರ್ಶಕ ಯಾವ ನಂಬಿಕೆ ಯಾವ ಕಾಲದ್ದೆಂದು ಬಿಡಿಸಿ ಹೇಳುತ್ತಾನೆ. ತಾಳಗುಂದದಲ್ಲಿ ಆ ಕೆಲಸ ಇನ್ನೂ ಸುಲಭ, ಎರಡೂ ಪದರಗಳು ಕಲ್ಲಿನಲ್ಲೇ ಇವೆ.

ಕಲ್ಲು ಜಾಗದಲ್ಲೇ ಉಳಿದದ್ದು ಸಣ್ಣ ಮಾತಲ್ಲ. ನೀರಿಗಾಗಿ ಹುಟ್ಟಿದ ಇನ್ನೊಂದು ಶಾಸನ ಜೆರುಸಲೇಮಿನ ಸಿಲೋವಾಮ್ ಸುರಂಗದ್ದು. ಎರಡು ಕಡೆಯಿಂದ ಬಂಡೆ ಕಡಿಯುತ್ತ ಬಂದವರು ನಡುವೆ ಸಂಧಿಸಿದ್ದನ್ನು ಅದು ವರ್ಣಿಸುತ್ತದೆ. 1880ರಲ್ಲಿ ಸಿಕ್ಕ ಅದನ್ನು ಗೋಡೆಯಿಂದ ಕಿತ್ತರು, ಈಗ ಇಸ್ತಾಂಬುಲ್ ಸಂಗ್ರಹಾಲಯದಲ್ಲಿದೆ. ಸುರಂಗದಲ್ಲಿ ನಡೆಯುವ ಯಾತ್ರಿಕನಿಗೆ ಆ ಮೂಲ ಕಲ್ಲು ಸಿಗದು.

ತಾಳಗುಂದದ ನೆಲ ಇನ್ನೂ ಕೊಡುತ್ತಿದೆ. 2013ರ ಉತ್ಖನನದಲ್ಲಿ ಸಿಂಹಕಟಾಂಜನದ ಮೇಲಿನ ಶಾಸನ ಸಿಕ್ಕಿತು. ಅದು ಕ್ರಿ.ಶ. 370ರದ್ದೆಂದು ಪುರಾತತ್ವ ಇಲಾಖೆಯವರು ಹೇಳಿದರು, ಆ ಲೆಕ್ಕದಲ್ಲಿ ಹಲ್ಮಿಡಿ ಶಾಸನಕ್ಕಿಂತ ಹಳೆಯ ಕನ್ನಡ ಇದು. ಎಗೇರಿಯಾಳ ಯಾತ್ರೆಗೂ ಇದಕ್ಕೂ ಹೆಚ್ಚು ಅಂತರವಿಲ್ಲ. ಗುಡಿಯ ಬಾಗಿಲುವಾಡದಲ್ಲಿ ಮೃಗೇಶವರ್ಮನ ರಾಣಿ ಪ್ರಭಾವತಿಯ ಹೆಸರಿರುವ ಶಾಸನವಿದೆ, ಬಂದವರು ಅದನ್ನು ಗಮನಿಸುವುದು ಕಡಿಮೆ.

ಈ ಸೀಮೆಯಲ್ಲಿ ಓದುತ್ತ ಸುತ್ತುವ ಯಾತ್ರೆಯನ್ನು ಯಾರಾದರೂ ಯೋಜಿಸಿದರೆ ಮಳವಳ್ಳಿ ಮೊದಲು, ತಾಳಗುಂದ ಆಮೇಲೆ, ಬಳ್ಳಿಗಾವೆ ಕೊನೆಗೆ ಎಂಬ ಕ್ರಮ ಸರಿ, ಕಾಲಾನುಕ್ರಮವೂ ಅದೇ. ಬಳ್ಳಿಗಾವೆಯಲ್ಲಿ 1162ರ ಕೋಡಿಯಮಠದ ಶಾಸನವನ್ನು ಬಿಡಬಾರದು. ವೇದ, ವ್ಯಾಕರಣ, ದರ್ಶನಗಳ ಪಾಠದ ಜೊತೆಗೆ ಬಡವರಿಗೂ ಬೇರೆ ಬೇರೆ ಪಂಥದ ಭಿಕ್ಷುಕರಿಗೂ ಊಟ, ರೋಗಿಗಳಿಗೆ ಔಷಧ ಸಿಗುವ ಜಾಗವೆಂದು ಅದು ಮಠವನ್ನು ವರ್ಣಿಸುತ್ತದೆ. ತಾಳಗುಂದದ ಶಾಸನ ಯಾತ್ರಿಕರು ಬರುವ ಸಂಗತಿಯನ್ನಷ್ಟೇ ಹೇಳಿದರೆ, ಬಂದವರ ಊಟ ಉಪಚಾರದ ವಿವರ ಸಿಗುವುದು ಇಲ್ಲಿ.